ಅಜ್ಜಿ ಕೇಳಿದ್ದು ಆಶ್ರಮದ ನಂಬರು

ಬಾಗಲಕೋಟೆಯ ನವನಗರದಲ್ಲಿ ನಾನು ಕೂರುವ ಸಹಾಯವಾಣಿ ಕೋಣೆಯಲ್ಲಿ ಎರಡು ಫೋನು, ಒಂದು ಕಂಪ್ಯೂಟರು, ಒಂದು ದಪ್ಪ ರಿಜಿಸ್ಟರು ಇವೆ. ಜನ ಫೋನ್ ಮಾಡಿ ತಮ್ಮ ತೊಂದರೆ ಹೇಳುತ್ತಾರೆ. ಅದಕ್ಕೆ ಯಾವ ಕಚೇರಿಗೆ ಹೋಗಬೇಕು, ಯಾವ ಯೋಜನೆ ಇದೆ, ಯಾರನ್ನು ಕಾಣಬೇಕು ಅಂತ ನಾವು ಹೇಳುತ್ತೇವೆ. ಸೇರಿದ ಹೊಸದರಲ್ಲಿ ಕಂಪ್ಯೂಟರಿನ ಪಟ್ಟಿ ಸರಿಯಾಗಿದ್ದರೆ ಸಾಕು, ಉಳಿದದ್ದು ಓದಿ ಹೇಳುವುದಷ್ಟೇ ಅಂದುಕೊಂಡಿದ್ದೆ. ಬನಹಟ್ಟಿಯ ಒಬ್ಬ ಅಜ್ಜಿ ಫೋನ್ ಮಾಡುವವರೆಗೂ ಹಾಗೇ ನಡೆಯಿತು.

"ತಂಗಿ, ವೃದ್ಧಾಶ್ರಮದ ನಂಬರ ಐತೇನವ್ವಾ?" ಅಂದರು.

"ಐತ್ರಿ ಅಮ್ಮಾ, ಬರಕೋರಿ."

"ನನಗ ಬರಿಯಾಕ ಬರೂದಿಲ್ಲ. ಬಾಜೂ ಮನಿ ಹುಡುಗನ್ನ ಕರೀತೀನಿ, ತಡಿ."

ಹುಡುಗ ಬಂದ. ಎರಡು ನಂಬರು ಬರೆದುಕೊಂಡ. ಎರಡು ನಿಮಿಷವೂ ಹಿಡಿಯಲಿಲ್ಲ. ರಿಜಿಸ್ಟರಿನಲ್ಲಿ "ವೃದ್ಧಾಶ್ರಮದ ಮಾಹಿತಿ ನೀಡಲಾಗಿದೆ" ಅಂತ ಬರೆದು, ಪಕ್ಕದ ಕಾಲಮ್ಮಿನಲ್ಲಿ ಸರಿ ಗುರುತು ಹಾಕಿ ಮುಂದಿನ ಕರೆ ಎತ್ತಿಕೊಂಡೆ.

ನಮ್ಮಲ್ಲಿ ಹಿರಿಯ ಅಕ್ಕ ಒಬ್ಬರಿದ್ದಾರೆ. ಬಿಡುವಾದಾಗ ಹಳೆಯ ಪುಟ ತೆಗೆದು, ಮುಗಿದ ಕರೆಗಳಿಗೆ ಮತ್ತೆ ಫೋನ್ ಮಾಡುವುದು ಅವರ ರೂಢಿ. ಯಾರೂ ಹೇಳಿ ಮಾಡಿಸಿದ್ದಲ್ಲ. ಮೂರು ವಾರದ ಮೇಲೆ ನನ್ನ ಆ ಸಾಲಿಗೂ ಫೋನ್ ಹಚ್ಚಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಕೊಟ್ಟ ಎರಡು ನಂಬರಿನಲ್ಲಿ ಒಂದು ಹತ್ತಲೇ ಇಲ್ಲವಂತೆ. ಇನ್ನೊಂದರಲ್ಲಿ "ಮಗ ಇದ್ದಾನಲ್ಲ, ಅವನನ್ನೇ ಕರಕೊಂಡು ಬರ್ರಿ" ಅಂದರಂತೆ. ಅಲ್ಲಿಗೆ ಅಜ್ಜಿ ಸುಮ್ಮನಾಗಿದ್ದರು.

ಅಕ್ಕ ಆಶ್ರಮದ ಮಾತನ್ನೇ ಬಿಟ್ಟು, "ಊಟ ಆತೇನ್ರಿ ಅಮ್ಮಾ?" ಅಂತ ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಟಕ ರೊಟ್ಟಿ ಇತ್ತು, ಹಲ್ಲಿಗೆ ಆಗೂದಿಲ್ಲವ್ವಾ" ಅಂದರು. ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಮುಕ್ಕಾಲು ಗಂಟೆ ಅಕ್ಕ ಹೂಂ ಅನ್ನುವುದು ಬಿಟ್ಟರೆ ಹೆಚ್ಚು ಮಾತಾಡಲಿಲ್ಲ. ಅಜ್ಜಿ ಗಂಡ ಇದ್ದಾಗಿನಿಂದ ಕಂಡಿಕಿ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಉರುಳೆ, ಸುತ್ತಿ ಬದುಕಿದವರು. ಕಣ್ಣು ಮಂಜಾದ ಮೇಲೆ ಅದು ನಿಂತಿತು. ಕೈಗೆ ಬರುತ್ತಿದ್ದದ್ದು ಪಗಾರ ಒಂದೇ. ನಮ್ಮ ಕಡೆ ಹಳ್ಳಿಗಳಲ್ಲಿ ಪಿಂಚಣಿಗೆ ಪಗಾರ ಅಂತಲೇ ಅನ್ನುತ್ತಾರೆ. ಆ ಪಗಾರ ಎಂಟು ತಿಂಗಳಿಂದ ಬಂದಿರಲಿಲ್ಲ. ಅದು ನಿಂತ ಮೇಲೆ ಸೊಸೆಯ ಮಾತು ಖಾರವಾಯಿತು, ಮಗ ತಲೆ ತಗ್ಗಿಸಿ ಮಗ್ಗದ ಮನೆಗೆ ಹೋಗಿಬಿಡುತ್ತಿದ್ದ. ಅಜ್ಜಿಗೆ ಆಶ್ರಮ ಬೇಕಿರಲಿಲ್ಲ. ತಿಂಗಳಿಗೆ ಬರುವ 1,200 ರೂಪಾಯಿ ಬೇಕಿತ್ತು.

ಆಶ್ರಮದ ನಂಬರು ಕೇಳುವ ಹಿರಿಯರ ಮಾತಿನ ಹಿಂದೆ ಹೀಗೆ ಬೇರೇನೋ ಇರುವುದು ಅಪರೂಪವಲ್ಲ. ಮನೆಯ ಮಾತು ಹೊರಗೆ ಹಾಕಬಾರದು ಅಂತ ಬೆಳೆದ ಜನ ಅವರು. ನೇರವಾಗಿ "ನನಗ ಕಷ್ಟ ಐತಿ" ಅನ್ನಲಾರದೆ, ಒಂದು ಕಚೇರಿಯ ಹೆಸರೋ ನಂಬರೋ ಕೇಳುತ್ತಾರೆ. ನಾನು ಅದನ್ನು ಕೊಟ್ಟು ಫೋನ್ ಇಟ್ಟರೆ, ಅವರಿಗೆ ಮತ್ತೊಂದು ಸಲ ಬಾಯಿ ಬಿಡುವ ಧೈರ್ಯ ಬರುವುದಿಲ್ಲ.

ಪಗಾರ ಹುಡುಕಿದ ರೀತಿಯನ್ನು ವಿವರವಾಗಿ ಬರೆಯುತ್ತೇನೆ, ನಿಮ್ಮ ಮನೆಯ ಹಿರಿಯರಿಗೂ ಇದೇ ಆಗಿರಬಹುದು. ಹಿರಿಯರಿಗೆ ಪಿಂಚಣಿ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ಹಣ ಈಗ ಆಧಾರ್ ಮೂಲಕ ಬ್ಯಾಂಕಿಗೆ ಬೀಳುತ್ತದೆ. ಒಬ್ಬರಿಗೆ ಎರಡು ಮೂರು ಖಾತೆ ಇದ್ದರೆ, ಸರ್ಕಾರಿ ಹಣ ಪಡೆಯಲು ಆಧಾರ್ ಜೋಡಣೆ ಕೊನೆಗೆ ಯಾವ ಬ್ಯಾಂಕಿನಲ್ಲಿ ಆಗಿದೆಯೋ ಆ ಖಾತೆಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಎಷ್ಟು ಸಲ ಹೋದರೂ "ಬಂದಿಲ್ಲ" ಅನ್ನುವ ಉತ್ತರವೇ ಸಿಗುತ್ತದೆ. ಅದು ಸುಳ್ಳೂ ಅಲ್ಲ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಈ ನಡುವ ಎಲ್ಲ್ಯಾರ ಹೊಸಾ ಖಾತೆ ತಗದ್ರೇನ್ರಿ? ಹೆಬ್ಬಟ್ಟ ಕೊಟ್ರೇನ್ರಿ?" ಮಹಿಳಾ ಸಂಘಕ್ಕೆ ಸೇರುವಾಗ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಸಿದ್ದು ಅಜ್ಜಿಗೆ ನೆನಪಾಯಿತು. ಪಾಸ್‌ಬುಕ್ ಟ್ರಂಕಿನ ತಳದಲ್ಲಿತ್ತು. ಬಾಜೂ ಮನೆಯ ಅದೇ ಹುಡುಗ ಅಜ್ಜಿಯನ್ನು ಕರೆದುಕೊಂಡು ಹೋಗಿ ಎಂಟ್ರಿ ಹಾಕಿಸಿದ. ಎಂಟೂ ತಿಂಗಳದ್ದು ಅಲ್ಲೇ ಕೂತಿತ್ತು, 9,600 ರೂಪಾಯಿ.

ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅನ್ನುವುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಸರ್ಕಾರಿ ಹಣ ನೇರ ಖಾತೆಗೆ ಬೀಳುವುದಕ್ಕೆ ಡಿಬಿಟಿ ಅನ್ನುತ್ತಾರೆ; ಕರ್ನಾಟಕದ ಡಿಬಿಟಿ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವಾಗ ಬಂತು ಅಂತ ಕಾಣುತ್ತದೆ. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಎಷ್ಟೋ ಹಿರಿಯರು ಫೋನಿನಲ್ಲೇ ನಮಗೆ ಓಟಿಪಿ ಓದಿ ಹೇಳಲು ಶುರು ಮಾಡುತ್ತಾರೆ, ಅಷ್ಟು ನಂಬಿಕೆ. ನಾವು ತಡೆಯುತ್ತೇವೆ. ಸಹಾಯವಾಣಿಯವರು ಅಂತ ಹೇಳಿಕೊಂಡರೂ ಯಾರಿಗೂ ಅದನ್ನು ಹೇಳಬಾರದು. ಮನೆಯ ಮಕ್ಕಳೋ ಗ್ರಾಮ ಒನ್ ಕೇಂದ್ರದವರೋ ಎದುರಿಗೆ ಕೂತು ನೋಡಿಕೊಡಲಿ. ಮೋಸ ಆಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಹಣ ಸಿಕ್ಕ ಮೇಲೆ ಆ ಮನೆ ತಣ್ಣಗಾಯಿತು ಅಂತ ನಾನು ಬರೆಯಲಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಂದ ಜೀವನಾಂಶ ಕೇಳಬಹುದು, ಅರ್ಜಿಯನ್ನು ಉಪವಿಭಾಗಾಧಿಕಾರಿಗೆ ಕೊಡಬೇಕು, ನಿಮಗೆ ಜಮಖಂಡಿ ಹತ್ತಿರ ಆಗುತ್ತದೆ ಅಂತ ಅಕ್ಕ ಹೇಳಿದರು. ಅಜ್ಜಿ ಒಪ್ಪಲಿಲ್ಲ. "ಮಗನ ಮ್ಯಾಲ ಕಾಗದಾ ಹಾಕೂದಿಲ್ಲವ್ವಾ" ಅಂದರು. ಅಕ್ಕ ಒತ್ತಾಯ ಮಾಡಲಿಲ್ಲ. ದಾರಿ ಇದೆ ಅಂತ ತಿಳಿದಿದ್ದರೆ ಸಾಕು, ಅದರಲ್ಲಿ ನಡೆಯುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಈ ಮಾತನ್ನು ನಾನು ಅಕ್ಕನಿಂದ ಕಲಿತೆ, ಅದು ಸರಿ ಅಂತ ಈಗಲೂ ನಂಬಿದ್ದೇನೆ.

ಆ ಕರೆಯ ನಂತರ ನನ್ನ ಹಳೆಯ ಪುಟಗಳನ್ನೆಲ್ಲ ತೆಗೆದು ನೋಡಿದೆ. ಹುನಗುಂದ ತಾಲೂಕಿನ ಒಬ್ಬ ಕಾಕಾ ಪಗಾರದ ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳಿದ್ದರು. ಜಿಲ್ಲಾಡಳಿತ ಭವನಕ್ಕೆ ಬನ್ನಿ ಅಂದಿದ್ದೆ. ಅವರು ಬಂದಿದ್ದರು. ಹಳೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬಾಗಲಕೋಟೆ ಬಂತು ಅಂತ ಅಲ್ಲೇ ಕಚೇರಿ ಹುಡುಕಿದ್ದರು. ಹಳೇ ಊರು, ವಿದ್ಯಾಗಿರಿ, ನವನಗರ ಅಂತ ಬಾಗಲಕೋಟೆ ಒಂದಕ್ಕೊಂದು ದೂರ ಹರಡಿದೆ ಅನ್ನುವುದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ನವನಗರದಲ್ಲಾದರೂ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಬಿಸಿಲಲ್ಲಿ ಕೇಳುತ್ತ ಕೇಳುತ್ತ ಬಂದು ಮುಟ್ಟಿದ ಮೇಲೆ ತಿಳಿದದ್ದು, ಆ ಅರ್ಜಿಯನ್ನು ತಮ್ಮ ಹೋಬಳಿಯ ನಾಡಕಚೇರಿಯಲ್ಲೇ ಕೊಡಬಹುದಿತ್ತು ಅಂತ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹೋಯಿತು. ತಪ್ಪು ಪೂರ್ತಿ ನನ್ನದು. ಫೋನ್ ಮಾಡಿ ಕ್ಷಮಿಸ್ರಿ ಅಂದಾಗ ಅವರು "ಇರ್ಲಿ ಬಿಡವ್ವಾ, ನೀ ಆದ್ರ ಮಾತಾಡಿದಿ" ಅಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಈಗ ಯಾರಿಗಾದರೂ ಒಂದು ಜಾಗ ಹೇಳುವ ಮೊದಲು ಆ ಜಾಗಕ್ಕೆ ನಾನೇ ಫೋನ್ ಮಾಡುತ್ತೇನೆ. ಇಂಥವರು ಬರುತ್ತಾರೆ, ಯಾವ ಕಾಗದ ತರಬೇಕು, ಯಾರನ್ನು ಕಾಣಬೇಕು ಅಂತ ಕೇಳಿಕೊಳ್ಳುತ್ತೇನೆ. ಆಮೇಲೆ ಫೋನ್ ಮಾಡಿದವರಿಗೆ ತಿರುಗಿ ಹೇಳುತ್ತೇನೆ, ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿಯಬೇಕು ಅನ್ನುವುದನ್ನೂ ಸೇರಿಸಿ. ಇದರಿಂದ ದಿನಕ್ಕೆ ಎತ್ತುವ ಕರೆಗಳು ಕಡಿಮೆಯಾಗಿವೆ. ತಿಂಗಳ ವರದಿಯಲ್ಲಿ ನನ್ನ ಅಂಕಿ ಇಳಿದಾಗ ವಿವರ ಕೊಡಬೇಕಾಯಿತು, ಕೊಟ್ಟೆ.

ಊರಿನ ಹೆಸರು ಬರೆದುಕೊಳ್ಳುವುದೂ ಇಲ್ಲಿ ಸರಳವಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರಿನವರು ಇವತ್ತಿಗೂ ಹಳೆಯ ಊರಿನ ಹೆಸರನ್ನೇ ಹೇಳುವುದುಂಟು. ಅವರು ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಹಿಂದೆ ಕಂಪ್ಯೂಟರಿನಲ್ಲಿ ಆ ಊರು ಸಿಗದಿದ್ದಾಗ "ಸರಿಯಾಗಿ ಹೇಳ್ರಿ" ಅಂದುಬಿಡುತ್ತಿದ್ದೆ. ಈಗ "ಮುಳುಗಡಿ ಊರೇನ್ರಿ? ಈಗ ಎಲ್ಲಿ ಅದೀರಿ?" ಅಂತ ಕೇಳುತ್ತೇನೆ. ಆ ಎರಡನೇ ಪ್ರಶ್ನೆಗೆ ಅವರ ದನಿ ಬದಲಾಗುವುದು ಗೊತ್ತಾಗುತ್ತದೆ.

ನಮ್ಮಂಥ ಸಣ್ಣ ಕೋಣೆಗಳಲ್ಲದೆ ಎಲ್ಲರೂ ಬರೆದಿಟ್ಟುಕೊಳ್ಳಬೇಕಾದ ಸರ್ಕಾರಿ ನಂಬರುಗಳಿವೆ. ಹಿರಿಯರಿಗೆ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098. ಮನಸ್ಸು ಕುಸಿದಾಗ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಾನೂನಿನ ನೆರವಿಗೆ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಇದನ್ನು ಹೇಳಿದಾಗ "ಖರೇನ್ರಿ?" ಅಂತ ಮತ್ತೆ ಕೇಳದವರು ಕಡಿಮೆ. ಫೋನ್ ಮಾಡಿದಾಗ ನಂಬರು ಇಸಿದುಕೊಂಡು ಇಟ್ಟುಬಿಡಬೇಡಿ. ಮನೆಯಲ್ಲಿ ಏನಾಗಿದೆ ಅಂತ ಹೇಳಿ, ಅಲ್ಲಿ ಕೆಲಸ ಆಗದಿದ್ದರೆ ಮತ್ತೆ ಫೋನ್ ಮಾಡಿ. ಎರಡನೇ ಸಲ ಮಾಡಿದರೆ ನಮಗೆ ಬೇಸರವಿಲ್ಲ.

ರಿಜಿಸ್ಟರಿನ ಸರಿ ಗುರುತಿನ ಕಾಲಮ್ಮಿನ ಪಕ್ಕದಲ್ಲಿ ಈಗ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದಿದ್ದೇನೆ, ತಿರುಗಿ ಫೋನ್ ಮಾಡಿದ ತಾರೀಕಿಗೆ. ಆ ಕಾಲಮ್ಮು ತುಂಬದೆ ಸರಿ ಗುರುತು ಹಾಕುವುದಿಲ್ಲ. ಬೀಳಗಿ ಕಡೆಯ ಒಬ್ಬ ಅಜ್ಜನ ಸಾಲು ಇನ್ನೂ ಖಾಲಿ ಇದೆ. ಮಗ ಗೋವಾದಲ್ಲಿ ದುಡಿಯುತ್ತಾನೆ, ಅಜ್ಜನಿಗೆ ಎಡಗಡೆ ಕೈ ಕಾಲು ಬಿದ್ದು ವರ್ಷವಾಗಿದೆ. ಕೇಳಿದ್ದು ಗಾಲಿ ಕುರ್ಚಿ ಮಾತ್ರ, ಅಂಗವಿಕಲರ ಗುರುತಿನ ಚೀಟಿಯನ್ನು ಯಾರೂ ಮಾಡಿಸಿಕೊಟ್ಟಿಲ್ಲ. ಅವರ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಾಳೆ ಹನ್ನೊಂದಕ್ಕೆ ಮನೆಗೆ ಹೋಗುತ್ತೇನೆ ಅಂದಿದ್ದಾರೆ. ಹನ್ನೆರಡಕ್ಕೆ ನಾನು ಅಜ್ಜನಿಗೆ ಫೋನ್ ಹಚ್ಚಬೇಕು.