ಜೆ.ಪಿ. ನಗರದಿಂದ ಹೆಬ್ಬಾಳಕ್ಕೆ

16 ನವೆಂಬರ್ 2025, ಭಾನುವಾರ

ಬೆಂಗಳೂರಿಂದ ಅಣ್ಣನ ಮಗ ನಮ್ಮ ಮೈಸೂರಿಗೆ ಬಂದಿದ್ದ. ಊಟ ಆದ ಮೇಲೆ ಕ್ಯಾಲೆಂಡರಿನ ಅಕ್ಟೋಬರ್ ಹಾಳೆ ಹರಿದು, ಅದರ ಹಿಂದೆ ಬೆಂಗಳೂರಿನ ಮೆಟ್ರೋ ಬರೆಯುತ್ತಾ ಕೂತ. "ಇದು ಕಿತ್ತಳೆ ಲೈನ್ ಅಜ್ಜಿ, ಜೆ.ಪಿ. ನಗರದಿಂದ ಹೊರಟು ಹೆಬ್ಬಾಳದ ಮೇಲೆ ಕೆಂಪಾಪುರಕ್ಕೆ" ಅಂದ. ಅಮ್ಮ ಕನ್ನಡಕ ಏರಿಸಿಕೊಂಡು, "ಪರವಾಗಿಲ್ವೇ, ನಮ್ಮ ಜೆ.ಪಿ. ನಗರಕ್ಕೂ ಬಂತಾ? ಯಾವಾಗಿಂದ ಶುರು?" ಅಂದಳು. ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಪಾಪ, ಇಲ್ಲೂ ಜೆ.ಪಿ. ನಗರ, ಇಲ್ಲೂ ಹೆಬ್ಬಾಳ, ಅವಳದೇನು ತಪ್ಪು.

ಇವನ ಮನೆ ಕೆಂಗೇರಿ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾದ ಮೇಲೆ ಮೆಟ್ರೋದಲ್ಲೇ ಹೋಗುತ್ತಾನಂತೆ. ನೇರಳೆ ಹತ್ತಿ ಮೆಜೆಸ್ಟಿಕ್‌ವರೆಗೆ, ಅಲ್ಲಿ ಹಸಿರು ಹಿಡಿದು ಆರ್.ವಿ. ರೋಡ್, ಆಮೇಲೆ ಹಳದಿ. ಹೋಗಬೇಕಾದ್ದು ದಕ್ಷಿಣಕ್ಕೆ, ಮೊದಲು ಊರ ನಡುವಿಗೆ ಹೋಗಿ ಬರಬೇಕು. "ಎಲ್ಲಾ ಲೈನೂ ಒಳಗೇ ಹೋಗುತ್ತೆ ಅತ್ತೆ, ಅಂಚಿಂದ ಅಂಚಿಗೆ ಯಾವುದೂ ಇಲ್ಲ, ಅದಕ್ಕೇ ಈ ಕಿತ್ತಳೆ" ಅಂದ. ಪಶ್ಚಿಮದ ರಿಂಗ್ ರೋಡ್ ಹಿಡಿದು ಸುಮಾರು 32 ಕಿ.ಮೀ. ಅಂತೆ, ಕೇಂದ್ರದ ಒಪ್ಪಿಗೆ 2024ರಲ್ಲೇ ಸಿಕ್ಕಿದೆ. ಪೂರ್ವದ ಕಡೆ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರಕ್ಕೆ, ಅಲ್ಲಿಂದ ಏರ್‌ಪೋರ್ಟಿಗೆ ನೀಲಿ ಲೈನ್ ಕೆಲಸ ನಡೀತಿದೆ. ಇವೆರಡೂ ಕೆಂಪಾಪುರದಲ್ಲಿ ಕೂಡುತ್ತವೆ. ಆದರೂ ಇವನ ಕೆಂಗೇರಿಗೆ ಅದರಿಂದ ಎಷ್ಟು ಉಪಯೋಗವೋ, ಕೇಳಿದ್ದಕ್ಕೆ ಭುಜ ಕುಣಿಸಿದ.

ನಗು ಮುಗಿದ ಮೇಲೆ ನನಗೆ ಅಮ್ಮನ ಪ್ರಶ್ನೆಯೇ ತಲೆಯಲ್ಲಿ ಉಳಿಯಿತು. ನಮ್ಮ ಜೆ.ಪಿ. ನಗರದಿಂದ ನಮ್ಮ ಹೆಬ್ಬಾಳಕ್ಕೆ ಹೋಗೋದು ಹೇಗೆ? ಸಿಟಿ ಬಸ್ ಸ್ಟ್ಯಾಂಡಿಗೆ ಹೋಗು, ಇಳಿ, ಇನ್ನೊಂದು ಬಸ್ಸಿಗೆ ಕಾಯಿ. ರಿಂಗ್ ರೋಡ್ ಇದೆ, ಸುಮಾರು 42 ಕಿ.ಮೀ., ಊರನ್ನೇ ಸುತ್ತಿಕೊಂಡಿದೆ. ಕಾರು, ಬೈಕು, ಲಾರಿ ಇದ್ದವರಿಗೆ.

ಕೆಳಗಿನ ಮನೆ ಹುಡುಗಿ ಡಿಪ್ಲೊಮಾ ಮುಗಿಸಿ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡು ತಿಂಗಳಿಗೇ ಬಿಟ್ಟಳು. "ಬಸ್ಸು ಫ್ರೀ ಆಂಟಿ, ಆದ್ರೆ ದಿನದಲ್ಲಿ ಮೂರು ಗಂಟೆ ಅದರಲ್ಲೇ ಹೋಗುತ್ತೆ. ಸ್ಕೂಟಿ ಕೊಡಿಸೋಕೆ ಅಪ್ಪನ ಹತ್ರ ದುಡ್ಡಿಲ್ಲ" ಅಂದಿದ್ದಳು. ಈಗ ಇಲ್ಲೇ ಪಕ್ಕದ ಬೀದಿ ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ, ಅರ್ಧ ಸಂಬಳಕ್ಕೆ. ಅವಳನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತೆ, ಯಾರ ಮೇಲೆ ಅಂತ ಗೊತ್ತಾಗಲ್ಲ.

ಇವನನ್ನೇ ಕೇಳಿದೆ, ಹೊಸ ಲೈನ್ ಎಲ್ಲಿ ಬೇಕು ಅಂತ ಹೇಗೋ ತಿಳಿಯುತ್ತೆ? ಊರನ್ನು ತುಂಡು ತುಂಡು ಮಾಡಿ, ಯಾವ ತುಂಡಿಂದ ಎಲ್ಲಿಗೆ ಎಷ್ಟು ಜನ ಹೋಗುತ್ತಾರೆ ಅಂತ ಮನೆಮನೆಗೆ ಹೋಗಿ ಕೇಳುತ್ತಾರೆ, ರಸ್ತೆಯಲ್ಲಿ ನಿಂತು ಗಾಡಿ ಎಣಿಸುತ್ತಾರೆ, ಬೆಳಗಿನ ರಶ್ಶಲ್ಲಿ ಒಂದೇ ದಿಕ್ಕಿಗೆ ಗಂಟೆಗೆ ಎಷ್ಟು ಜನ ಅನ್ನೋದರ ಮೇಲೆ ಮೆಟ್ರೋನೋ ಬಸ್ಸೋ ಅಂತ ನೋಡುತ್ತಾರೆ ಅಂದ.

"ಹೋಗೋದನ್ನೇ ಬಿಟ್ಟವರು ಯಾವ ಲೆಕ್ಕದಲ್ಲಿ ಬರುತ್ತಾರೆ?"

"ಮುಂದೆ ಬರೋರ ಅಂದಾಜೂ ಹಾಕ್ತಾರೆ ಅತ್ತೆ" ಅಂದ. ಆಮೇಲೆ ತಾನೇ, "ಆದ್ರೆ ಅವಳು ಈಗ ನಡ್ಕೊಂಡು ಹೋಗ್ತಾಳಲ್ವಾ, ಸರ್ವೆಯಲ್ಲಿ ಹಾಗೇ ಬರ್ಕೋತಾರೆ" ಅಂದ.

ಅಮ್ಮನಿಗೆ ಸಂಜೆ ಕಾಫಿಗೆ ಹಾಲಿಲ್ಲ ಅಂತ ಗಲಾಟೆ. ತಂದಿದ್ದಾಯ್ತು, ಅವನು ರೈಲಿಗೆ ಹೊರಟದ್ದೂ ಆಯ್ತು.

ನಮಗೆ ಮೆಟ್ರೋ ಗಿಟ್ರೋ ಬೇಡ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ರಸ್ತೆ ಮಧ್ಯೆ ಅದರದೇ ದಾರಿ ಇದೆ, ಆದರೆ ಅದು ಎರಡು ಊರಿನ ನಡುವೆ ಒಂದೇ ಉದ್ದದ ದಾರಿ, ಇಲ್ಲಿ ಅಷ್ಟೂ ಬೇಕಿಲ್ಲ. ರಿಂಗ್ ರೋಡಲ್ಲಿ ಹತ್ತು ನಿಮಿಷಕ್ಕೊಂದು ಬಸ್, ಶ್ರೀರಾಂಪುರ, ಬೋಗಾದಿ, ಹಿನಕಲ್ ಅಂತ ನಿಂತುಕೊಂಡು ಹೋದರೆ ಸಾಕು. ಅಷ್ಟೇ ಅಂದುಕೊಂಡಿದ್ದೆ. ಈಗ ಬರೆಯುತ್ತಾ ಹೊಳೆಯಿತು, ರಾತ್ರಿ ಎಂಟಕ್ಕೆ ಆ ಹುಡುಗಿ ರಿಂಗ್ ರೋಡಲ್ಲಿ ಇಳಿದು ಮನೆವರೆಗೆ ನಡೆಯಬೇಕಲ್ಲ, ದಾಟೋಕೆ ಸಿಗ್ನಲ್ ಇಲ್ಲ, ಆ ಲಾರಿಗಳು, ಅಲ್ಲಿ ಆಟೋದವರು ನಿಲ್ಲುವಂತಾದರೆ ಅಥವಾ ಒಳಗಿನ ಬಡಾವಣೆಗೆ ಚಿಕ್ಕ ಬಸ್ಸು ಬಿಟ್ಟರೆ ಆದೀತು.