ಧಾರವಾಡದ ಕಿಲ್ಲೆ ಇನ್ನೆರಡು ತಿಂಗಳು ತಡೆದಿದ್ದರೆ

ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸಿನಿಂದ ಇಳಿದು ಆಟೋದವರಿಗೆ ‘ಕಿಲ್ಲಾ’ ಅಂದರೆ ಸಾಕು, ಬಾಗಿಲಿನ ಎದುರಿಗೇ ಬಿಡುತ್ತಾರೆ. ಚಿತ್ರದುರ್ಗದಂಥ ಏಳು ಸುತ್ತು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಸೆ ಖಂಡಿತ. ಉಳಿದಿರುವುದು ಒಂದು ಹೆಬ್ಬಾಗಿಲು, ತುಂಬಿಹೋದ ಕಂದಕದ ತಗ್ಗು, ಒಳಗೆ ದುರ್ಗಾದೇವಿಯ ಗುಡಿ, ಅದರ ಸುತ್ತ ಮನೆಗಳು. ಆದರೂ ‘ಹೀಗಾಗಿದ್ದರೆ ಏನಾಗುತ್ತಿತ್ತು’ ಎಂಬ ಲೆಕ್ಕ ಹಾಕುವ ಚಟ ಇದ್ದವರು ಶ್ರೀರಂಗಪಟ್ಟಣಕ್ಕೂ ಮೊದಲು ನೋಡಬೇಕಾದ ಜಾಗ ಇದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮೇಲಿನ ಯುದ್ಧದ ಫಲಿತಾಂಶ ಸಿಗುತ್ತದೆ. ಆ ಫಲಿತಾಂಶ ಅತ್ತಿತ್ತ ಜಾರಬಹುದಾಗಿದ್ದ ಸಂದು ಸಿಗುವುದು ಇಲ್ಲಿ.

ಮೂರನೇ ಮೈಸೂರು ಯುದ್ಧದ ಹೊತ್ತು, 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೇನೆ ಈ ಕಿಲ್ಲೆಯ ಮುಂದೆ ಬಂದು ಕೂತಿತು. ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಕೈಕೆಳಗೆ ಈಸ್ಟ್ ಇಂಡಿಯಾ ಕಂಪನಿಯ ಒಂದು ಸಣ್ಣ ತುಕಡಿ. ಒಳಗಿದ್ದವನು ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಕೋಟೆ ಕೈಬಿಟ್ಟದ್ದು 1791ರ ಏಪ್ರಿಲ್ ಮೊದಲ ವಾರದಲ್ಲಿ. ಹೆಚ್ಚಾಗಿ ಮಣ್ಣಿನಿಂದಲೇ ಕಟ್ಟಿದ ಕೋಟೆ ಆರು ತಿಂಗಳಿಗೂ ಮೇಲೆ ನಿಂತಿದ್ದು ಹೇಗೆ ಎಂಬುದಕ್ಕೆ ಉತ್ತರ ಆ ಮಣ್ಣಿನಲ್ಲೇ ಇದೆ. ಕಲ್ಲಿನ ಗೋಡೆಗೆ ಗುಂಡು ಬಿದ್ದರೆ ಕಲ್ಲು ಬಿರಿಯುತ್ತದೆ. ಒಂದೇ ಜಾಗಕ್ಕೆ ಹೊಡೆಯುತ್ತ ಹೋದರೆ ಮೇಲಿನ ಭಾಗ ಕುಸಿದು ಅದೇ ಹತ್ತುವ ದಾರಿಯಾಗುತ್ತದೆ. ಮಣ್ಣಿನ ದಪ್ಪ ಗೋಡೆ ಗುಂಡನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಇಲ್ಲಿ ಅದರ ಮುಂದೆ ಎರಡು ಆಳವಾದ ಕಂದಕ ಬೇರೆ.

ಮರಾಠರ ತೋಪುಖಾನೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಬರೆದಿಟ್ಟಿದ್ದಾನೆ. ತೋಪಿಗೆ ಮದ್ದು ತುಂಬಿ, ಎಲ್ಲರೂ ಕೂತು ಅರ್ಧ ತಾಸು ಹರಟುತ್ತ ಹೊಗೆ ಎಳೆಯುವುದು. ಆಮೇಲೆ ಒಂದು ಗುಂಡು. ಧೂಳು ಚೆನ್ನಾಗಿ ಎದ್ದರೆ ಸಮಾಧಾನ. ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ಗುಂಡಿನ ಸದ್ದೇ ಇಲ್ಲ. ಅದು ಊಟದ ಹೊತ್ತು. ಇಂಗ್ಲಿಷ್ ಅಧಿಕಾರಿಯ ವ್ಯಂಗ್ಯ ಇದರಲ್ಲಿ ಧಾರಾಳವಾಗಿ ಬೆರೆತಿದೆ, ಅದನ್ನು ಸೋಸಿಯೇ ಓದಬೇಕು. ಆದರೆ ಪುಣೆಯಿಂದ ಮದ್ದುಗುಂಡು ಸಾಕಷ್ಟು ಬರುತ್ತಿರಲಿಲ್ಲ ಎಂಬುದು ನಿಜ. ಮದ್ದು ಕಡಿಮೆ ಇದ್ದಾಗ ಅರ್ಧ ತಾಸಿಗೊಂದು ಗುಂಡು ಹಾರಿಸುವುದನ್ನು ಬರೀ ಸೋಮಾರಿತನ ಎನ್ನಲಾಗದು. ಅವಸರ ಮಾಡಿದವರ ಪಾಡೂ ನೋಡಿ: ಬೊಂಬಾಯಿಂದ ಬಂದ ಕರ್ನಲ್ ಫ್ರೆಡ್ರಿಕ್ ಫೆಬ್ರವರಿಯಲ್ಲಿ ನೇರ ದಾಳಿಗೆ ಇಳಿದ. ಕಂದಕ ತುಂಬಲು ಒಣ ಕಟ್ಟಿಗೆಯ ಹೊರೆ ಎಸೆದರು. ಎಸೆದಂತೆಲ್ಲ ಒಳಗಿನವರು ಅದಕ್ಕೆ ಬೆಂಕಿ ಹಚ್ಚಿದರು. ದಾಳಿ ಅಲ್ಲಿಗೇ ನಿಂತಿತು. ಮಾರ್ಚಿಯಲ್ಲಿ ಫ್ರೆಡ್ರಿಕ್ ಇಲ್ಲೇ ಸತ್ತ.

ಇನ್ನು ಪಂಚಾಂಗ ಬಿಡಿಸಬೇಕು. ಇದೇ ಹೊತ್ತಿಗೆ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆ ಹೊರಟಿದ್ದ. 1791ರ ಮೇ 15ರಂದು ಅರಕೆರೆಯ ಹತ್ತಿರ ಕಾಳಗ ಗೆದ್ದ. ಗೆದ್ದು ಉಪಯೋಗವಾಗಲಿಲ್ಲ: ಕಾವೇರಿ ಏರುತ್ತಿತ್ತು, ಎತ್ತುಗಳು ಸಾವಿರಗಟ್ಟಲೆ ಸಾಯುತ್ತಿದ್ದವು, ದಂಡಿನಲ್ಲಿ ಅಕ್ಕಿ ಮುಗಿದಿತ್ತು. ಕೋಟೆ ಒಡೆಯುವ 24 ಪೌಂಡಿನ ಕಬ್ಬಿಣದ ತೋಪಿನ ತೂಕ ಎರಡೂವರೆ ಟನ್ನಿನ ಹತ್ತಿರ. ಅದು ಹಾರಿಸುವ ಒಂದೊಂದು ಗುಂಡೂ 11 ಕಿಲೋ. ಎತ್ತಿಲ್ಲದೆ ಅದನ್ನು ಕದಲಿಸುವ ಮಾತೇ ಇಲ್ಲ. ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಾಕಿ, ಮೇ 26ರಂದು ಕಾರ್ನ್‌ವಾಲಿಸ್ ಹಿಂದಕ್ಕೆ ಹೊರಟ. ಅದೇ ದಿನ ಮೇಲುಕೋಟೆಯ ದಿಕ್ಕಿನಲ್ಲಿ ಕುದುರೆ ಸವಾರರು ಕಂಡರು. ಶತ್ರು ಎಂದುಕೊಂಡದ್ದು ಮರಾಠರ ದಂಡು, ಅದರ ಬೆನ್ನಿಗೆ ಕಾಳು-ಕಡಿ ತುಂಬಿದ ಬಜಾರು. ಟಿಪ್ಪುವಿನ ಸವಾರರು ಓಲೆಕಾರರನ್ನೆಲ್ಲ ಹಿಡಿದಿದ್ದರಿಂದ ಇಷ್ಟು ಹತ್ತಿರ ಬಂದಿದ್ದಾರೆಂಬ ಸುದ್ದಿಯೇ ಮುಟ್ಟಿರಲಿಲ್ಲ. ದುಬಾರಿ ಬೆಲೆ ಕೊಟ್ಟಾದರೂ ಕಂಪನಿಯ ಸೈನ್ಯ ಉಂಡಿತು.

ತೋಪು ಒಡೆದಾದ ಮೇಲೆ ಮರಾಠರು ಬಂದದ್ದನ್ನು ನೋಡಿದ ಕೂಡಲೇ ಎಲ್ಲರಿಗೂ ಹೊಳೆಯುವುದು ‘ಧಾರವಾಡ ಬೇಗ ಬಿದ್ದಿದ್ದರೆ’ ಎಂಬ ದಾರಿ. ಹತ್ತು ದಿನ ಮೊದಲು ಮರಾಠರು ಬಂದಿದ್ದರೆ ತೋಪು ಉಳಿಯುತ್ತಿದ್ದವು, ನಿಜ. ಆದರೆ ಮುಂದೆ ಜೂನ್. ತುಂಬಿ ಹರಿಯುವ ಕಾವೇರಿಯ ನಡುವಿನ ದ್ವೀಪಕ್ಕೆ ದಾಳಿ ಮಾಡುವವರಿಲ್ಲ. ನಿಜವಾದ ದಾಳಿ ನಡೆದದ್ದು 1792ರ ಫೆಬ್ರವರಿಯ ಒಣಗಾಲದಲ್ಲಿ. ಹಾಗಾಗಿ ಈ ದಾರಿ ಹೆಚ್ಚು ದೂರ ಹೋಗುವುದಿಲ್ಲ. ಅದೇ ಒಪ್ಪಂದ ಕೆಲವು ತಿಂಗಳು ಮೊದಲು ಆಗಬಹುದಿತ್ತು, ಅಷ್ಟೆ.

ತಿರುವು ಇರುವುದು ಇನ್ನೊಂದು ಕಡೆ. ಬದ್ರುಜ್ಜಮಾನ್ ಖಾನ್ ಜೂನ್‌ವರೆಗೆ ತಡೆದಿದ್ದರೆ? ಧಾರವಾಡದಿಂದ ಶ್ರೀರಂಗಪಟ್ಟಣ 400 ಕಿಲೋಮೀಟರಿಗೂ ಹೆಚ್ಚು. ಬಂಡಿ, ತೋಪು, ಬಜಾರು ಕಟ್ಟಿಕೊಂಡ ದಂಡು ದಿನಕ್ಕೆ 12 ಕಿಲೋಮೀಟರ್ ನಡೆದರೆ ಅದೇ ದೊಡ್ಡದು. ಅಂದರೆ ನಿಲ್ಲದೆ ನಡೆದರೂ ಐದು ವಾರ, ನಡುವೆ ತುಂಗಭದ್ರೆ ದಾಟುವ ಕೆಲಸ. ಜೂನ್‌ನಲ್ಲಿ ಹೊರಟವರು ಆ ಹೊಳೆಯ ದಡದಲ್ಲೇ ಕೂರಬೇಕಾಗುತ್ತಿತ್ತು. ಆಗ ಮೇ 26ರಂದು ಮೇಲುಕೋಟೆಯ ದಿಕ್ಕಿನಲ್ಲಿ ಯಾರು ಕಾಣುತ್ತಿದ್ದರು?

ಎಷ್ಟೋ ಕಲ್ಪನೆಗಳು ಎಡವುವುದು ಇಲ್ಲೇ. ಪೂರ್ವದ ದಾರಿಯಿಂದ ಹರಿಪಂತ ಫಡಕೆಯ ಇನ್ನೊಂದು ಮರಾಠಾ ಸೇನೆಯೂ ಬರುತ್ತಿತ್ತು. ಇಬ್ಬರೂ ಕೂಡಿದ್ದು ನಾಗಮಂಗಲದ ಹತ್ತಿರ. ಧಾರವಾಡವೊಂದನ್ನೇ ತಡೆದರೆ ಹರಿಪಂತ ಮಾಯವಾಗುವುದಿಲ್ಲ. ಭಾವುವಿನ ಬಲ ಹಿಂದೆ ಉಳಿದಾಗ ಆತ ಒಬ್ಬನೇ ಟಿಪ್ಪುವಿನ ನಾಡಿನ ನಡುವಿಗೆ ಬರುತ್ತಿದ್ದನೇ ಎಂಬುದು ವಾದಕ್ಕೆ ಬಿಟ್ಟದ್ದು. ನಮ್ಮ ಮಟ್ಟಿಗೆ, ಸಿರಾದ ಆಚೆ ಬರುತ್ತಿರಲಿಲ್ಲ. ಹಾಗಾದರೆ ಬೆಂಗಳೂರಿಗೆ ಹಿಂತಿರುಗುವ ಹಾದಿಯಲ್ಲಿ ಅನ್ನವಿಲ್ಲದ, ಎತ್ತಿಲ್ಲದ ಸೈನ್ಯ, ಸುತ್ತ ಟಿಪ್ಪುವಿನ ಸವಾರರು. ಕಂಪನಿ ಬೆಂಗಳೂರನ್ನು ಬಿಡುತ್ತಿರಲಿಲ್ಲ, ಆದರೆ 1792ರ ಮಾರ್ಚಿಯಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳು ಎಂಬ ಷರತ್ತು ಹಾಕುವ ಶಕ್ತಿ ಉಳಿಯುತ್ತಿರಲಿಲ್ಲ. ಧಾರವಾಡ ಮರಾಠರ ಪಾಲಾದದ್ದು ಅದೇ ಒಪ್ಪಂದದಿಂದ. ಒಂದು ಎಳೆ ಸಡಿಲಿಸಿದರೆ ಮುಂದೆ 1817ರಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕೈಯಿಂದ ಈ ಕಿಲ್ಲೆ ಪಡೆಯುವ ಪ್ರಸಂಗವೂ ಬೇರೆಯಾಗಬೇಕು. ಇದಕ್ಕಿಂತ ಮುಂದೆ ಎಳೆದರೆ ಅದು ಲೆಕ್ಕ ಅಲ್ಲ, ಕಾದಂಬರಿ.

ಒಂದು ಪರ್ಯಾಯ ಎಳೆ ಗದಗ-ಹಾವೇರಿಯ ತಾಂಡಾಗಳಲ್ಲೂ ಸಿಗುತ್ತದೆ. ಹೇರೆತ್ತಿನ ಮೇಲೆ ಕಾಳು ಸಾಗಿಸುವ ಬಂಜಾರರನ್ನು ಕಂಪನಿ ಸರಿಯಾಗಿ ಹಿಡಿದುಕೊಂಡದ್ದು 1791ರ ಆ ಹಿನ್ನಡೆಯ ಮೇಲೆ. ಅವರು ಒಂದು ಹಂಗಾಮು ಮೊದಲೇ ಒಪ್ಪಿದ್ದರೆ ಮೇ 26ಕ್ಕೆ ಕಾಯುವ ಪ್ರಮೇಯವೇ ಇರಲಿಲ್ಲ. ಲಂಬಾಣಿ ಹಿರಿಯರ ಹಾಡು-ಕಥೆ ಸಂಗ್ರಹಿಸುವವರು ಈ ದಿಕ್ಕಿನಲ್ಲೂ ಕೇಳಿ ನೋಡಬೇಕು.

ಕಿಲ್ಲೆ ಬಿಟ್ಟುಕೊಟ್ಟ ಮೇಲೆ ಹೊರಟ ಕಾವಲಿನವರಿಗೂ ಮರಾಠರಿಗೂ ದಾರಿಯಲ್ಲಿ ಜಗಳ ಹತ್ತಿ, ಗಾಯಗೊಂಡ ಬದ್ರುಜ್ಜಮಾನ್ ಖಾನ್‌ನನ್ನು ಸೆರೆ ಹಿಡಿದು ನರಗುಂದದ ಗುಡ್ಡಕ್ಕೆ ಕಳಿಸಿದರು. ನರಗುಂದವೇ ಯಾಕೆ ಎಂದರೆ 1785ರಲ್ಲಿ ಟಿಪ್ಪುವಿನ ಸೈನ್ಯ ಅಲ್ಲಿಯ ಭಾವೆ ಮನೆತನಕ್ಕೆ ಅಭಯ ಕೊಟ್ಟು, ಹೊರಗೆ ಬಂದ ಮೇಲೆ ಬೇಡಿ ಹಾಕಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ವಿಜಯಪುರದ ಹೆದ್ದಾರಿ ಹಿಡಿದರೆ ನರಗುಂದ ಸುಮಾರು 55 ಕಿಲೋಮೀಟರ್. ಬಯಲಿನ ನಡುವೆ ಗುಡ್ಡ ಒಂಟಿಯಾಗಿ ಎದ್ದು ನಿಂತಿದೆ. ಬೆಳಗ್ಗೆ ಎಂಟರೊಳಗೆ ಹತ್ತಿ ಇಳಿಯುವುದು ಲೇಸು; ಮೇಲೆ ನೆರಳು ಕಡಿಮೆ, ನೀರು ಕೆಳಗಿನಿಂದಲೇ ಒಯ್ಯಬೇಕು.

1858ರ ಮೇ 29ರ ರಾತ್ರಿ ನರಗುಂದದ ಅರಸ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು ತಲೆಯನ್ನು ಊರಬಾಗಿಲಿಗೆ ಕಟ್ಟಿದರು. ಜೂನ್ 1ಕ್ಕೆ ಕರ್ನಲ್ ಮಾಲ್ಕಂನ ಸೈನ್ಯ ಬಂತು, ಮರುದಿನ ಕೋಟೆ ಹೋಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬಿದ್ದದ್ದೂ ಅದೇ ಜೂನ್ ಮೊದಲಲ್ಲಿ. ಅಷ್ಟು ಹೊತ್ತಿಗೆ 1857ರ ದಂಗೆಯಲ್ಲಿ ದಿಲ್ಲಿ, ಲಖನೌ, ಝಾನ್ಸಿ ಎಲ್ಲ ಮುಗಿದಿದ್ದವು. ಹಾಗಾಗಿ ‘ಇನ್ನೂ ಹತ್ತು ಸಾವಿರ ಜನ ಇದ್ದಿದ್ದರೆ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಬದಲಿಸಬೇಕಾದದ್ದು ತಾರೀಕು. 1857ರ ಜುಲೈ 31ರಂದು ಕೊಲ್ಹಾಪುರದಲ್ಲಿ 27ನೇ ಪಲ್ಟನ್ ದಂಗೆ ಎದ್ದಿತು. ನರಗುಂದ ಆಗಲೇ ಎದ್ದಿದ್ದರೆ?

ಉತ್ತರಕ್ಕೆ ನವಲಗುಂದದ ಸುತ್ತಿನ ಎರೆ ಹೊಲಕ್ಕೆ ಆಗಸ್ಟ್‌ನಲ್ಲಿ ಇಳಿದು ನೋಡಿ. ಹತ್ತು ಹೆಜ್ಜೆಗೆ ಚಪ್ಪಲಿ ಕಾಲಿನಿಂದ ಕಿತ್ತು ಮಣ್ಣಿನಲ್ಲೇ ಉಳಿಯುತ್ತದೆ, ಕಿತ್ತೆತ್ತಿದರೆ ಅಡಿಗೆ ಅಂಗೈದಪ್ಪ ಕರಿ ಮುದ್ದೆ. ಬೆಣ್ಣಿಹಳ್ಳ ಏರಿದರೆ ಈಗಲೂ ಹೊಲಗಳು ಮುಳುಗುತ್ತವೆ. ತೋಪಿನ ಬಂಡಿಯ ಗಾಲಿ ಗುಂಬದವರೆಗೆ ಹೂತುಹೋಗುವ ನೆಲ ಇದು. ಧಾರವಾಡದಿಂದ ಎರಡು-ಮೂರು ದಿನದಲ್ಲಿ ಬಂದ ಪಡೆಗೆ ಮಳೆಗಾಲದಲ್ಲಿ ವಾರಗಳೇ ಹಿಡಿಯುತ್ತಿದ್ದವು. ಆದರೆ ಕೆಸರಿಗೆ ಪಕ್ಷಪಾತವಿಲ್ಲ: ನರಗುಂದದವರೂ ಕೊಲ್ಹಾಪುರದವರನ್ನು ಕೂಡಿಕೊಳ್ಳಲು ಹೊರಗೆ ಬರಲಾರರು. ಅಕ್ಟೋಬರ್‌ವರೆಗೆ ಗುಡ್ಡ ಉಳಿಯುತ್ತಿತ್ತು. ನೆಲ ಒಣಗಿದ ಮೇಲೆ ಬೆಳಗಾವಿ, ಧಾರವಾಡದ ಪಲ್ಟನ್ನುಗಳು ಯಾರ ಪರ ನಿಲ್ಲುತ್ತಿದ್ದವು ಎಂಬುದರ ಮೇಲೆ ಉಳಿದದ್ದು.

ನರಗುಂದದಿಂದ ಅಣ್ಣಿಗೇರಿ, ಲಕ್ಷ್ಮೇಶ್ವರದ ಮೇಲೆ ಸವಣೂರಿಗೆ ಬಂದರೆ ಖಾರಾ ಕಟ್ಟಿಸಿಕೊಳ್ಳಿ, ದೊಡ್ಡಹುಣಸೆ ಮಠದ ಭಾರಿ ಮರ ನೋಡಿ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್, ನಿಜಾಮ ಸಲಾಬತ್ ಜಂಗ್ ಇಬ್ಬರೂ ನವಾಬನ ಮೇಲೆ ಬಂದದ್ದು ಈ ಊರಿಗೆ. ಗೋಡೆಗೆ ಹೊಡೆದದ್ದು ನಿಜಾಮನ ಬಳಿಯಿದ್ದ ಫ್ರೆಂಚ್ ಸೇನಾನಿ ಬುಸ್ಸಿಯ ತೋಪು. ಮುತ್ತಿಗೆ ಮುಗಿದ ಕೂಡಲೇ, ಮೇ ತಿಂಗಳಲ್ಲಿ, ನಿಜಾಮ ಬುಸ್ಸಿಯನ್ನು ಇಲ್ಲೇ ಕೆಲಸದಿಂದ ತೆಗೆದ. ಬುಸ್ಸಿ ಹೈದರಾಬಾದಿಗೆ ಹೋಗಿ ಚಾರ್ ಮಹಲಿನಲ್ಲಿ ಗಟ್ಟಿಯಾಗಿ ಕೂತ. ಅವನನ್ನು ಕೀಳಲು ನಿಜಾಮ ಮದ್ರಾಸಿನ ಇಂಗ್ಲಿಷರ ಸಹಾಯ ಕೇಳಿದ. ಅವರು ದಂಡು ಸಿದ್ಧಮಾಡುತ್ತಿರುವಾಗಲೇ ಬಂಗಾಳದ ಸುದ್ದಿ ಬಂತು: ಜೂನ್ 20ಕ್ಕೆ ಕಲ್ಕತ್ತಾ ಸಿರಾಜುದ್ದೌಲನ ಪಾಲಾಗಿತ್ತು. ಹೈದರಾಬಾದಿನ ಯೋಜನೆ ಬಿಟ್ಟು ಕ್ಲೈವ್‌ನೊಂದಿಗೆ ಸೈನ್ಯ ಹಡಗು ಹತ್ತಿತು. ಮುಂದಿನ ಜೂನ್‌ನಲ್ಲಿ ಪ್ಲಾಸಿ.

ಇಲ್ಲಿ ಅಲುಗಿಸಬೇಕಾದದ್ದು ಒಂದು ತಿಂಗಳು ಮಾತ್ರ. ಸವಣೂರಿನ ನವಾಬ ಏಪ್ರಿಲ್‌ನಲ್ಲೇ ಸಂಧಿಗೆ ಬಂದಿದ್ದರೆ ಬುಸ್ಸಿಯ ವಜಾ ಒಂದು ತಿಂಗಳು ಮೊದಲೇ ಆಗುತ್ತಿತ್ತು. ಕಲ್ಕತ್ತಾದ ಸುದ್ದಿ ಮದ್ರಾಸಿಗೆ ಮುಟ್ಟುವಾಗ ಆ ದಂಡು ಆಗಲೇ ಹೈದರಾಬಾದಿನ ದಾರಿಯಲ್ಲಿ, ಬುಸ್ಸಿಯ ತೋಪುಗಳ ಎದುರಿಗೆ ಇರುತ್ತಿತ್ತು.