ಕಾಂಗ್ರೆಸ್ ಗಿಡದ ಪಾರ್ಥೆನಿನ್: ಹಸಿರು ತೊಲಗಿತು, ಹರಳು ಕಟ್ಟಿತು

ಕೊನೆಗೂ ಪಾರ್ಥೆನಿನ್ (ಕಾಂಗ್ರೆಸ್ ಗಿಡದ ಎಲೆಯಲ್ಲಿರುವ ರಾಸಾಯನಿಕ) ಬಿಳಿ ಹರಳಾಗಿ ಸಿಕ್ಕಿದೆ; ಕರಗುವ ಬಿಂದು 163–165 ಡಿಗ್ರಿ. ಇಷ್ಟು ದಿನ ಅಡ್ಡ ನಿಂತಿದ್ದು ಕಾಲಂ (ಬೆರಕೆಯನ್ನು ದ್ರಾವಕದೊಡನೆ ಇಳಿಸಿ ಬೇರ್ಪಡಿಸುವ, ಸಿಲಿಕಾ ಪುಡಿ ತುಂಬಿದ ಕೊಳವೆ) ಅಲ್ಲ, ಅದಕ್ಕೂ ಮೊದಲೇ ಎಲೆಯಿಂದ ಇಳಿಯುವ ಹಸಿರು.

ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಸಿದರೆ ಕ್ಲೋರೋಫಿಲ್, ಮೇಣ, ಸಕ್ಕರೆ ಎಲ್ಲವೂ ಒಟ್ಟಿಗೇ ಬರುತ್ತವೆ. ಸಿಲಿಕಾ ಮೇಲೆ ಕ್ಲೋರೋಫಿಲ್ ಒಡೆದು ಹಸಿರು, ಬೂದು ಪಟ್ಟಿಗಳಾಗಿ ಬಾಲ ಎಳೆಯುತ್ತದೆ. ಆ ಬಾಲ ಪಾರ್ಥೆನಿನ್ ಇಳಿಯುವ ಫ್ರ್ಯಾಕ್ಷನ್‌ಗಳಲ್ಲೇ (ಕಾಲಂನಿಂದ ಸರದಿಯಂತೆ ಹಿಡಿದ ಪಾಲುಗಳಲ್ಲೇ) ಬೀಳುತ್ತದೆ. ದ್ರಾವಕ ಆರಿಸಿದರೆ ಉಳಿಯುವುದು ಅಂಟು, ಹರಳಲ್ಲ. ಇದ್ದಿಲು ಹಾಕಿದರೆ ಬಣ್ಣದ ಜೊತೆ ಸರಕೂ ಹೋಗುತ್ತದೆ.

ಪಾರ್ಥೆನಿನ್ ಹೆಚ್ಚಾಗಿ ಇರುವುದು ಎಲೆಯ ಮೇಲ್ಮೈಯ ಗ್ರಂಥಿರೋಮಗಳಲ್ಲಿ (ರಸ ತುಂಬಿದ ಸಣ್ಣ ಕೂದಲುಗಳಲ್ಲಿ), ಕ್ಲೋರೋಫಿಲ್ ಇರುವುದು ಒಳಗಿನ ಜೀವಕೋಶಗಳಲ್ಲಿ. ಆದ್ದರಿಂದ ಅರೆಯಬೇಡಿ, ಅದ್ದಿ. ಹೂ ಬಿಡುವ ಮುಂಚೆ ಕಿತ್ತ ಹಸಿ ಎಲೆಯ ನೀರು ಆರಿಸಿ, ಸ್ಟೀಲ್ ಜಾಲರಿಯಲ್ಲಿಟ್ಟು ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ 20 ಸೆಕೆಂಡು ಮುಳುಗಿಸಿ ಎತ್ತಿಬಿಡಿ. ಹೊತ್ತು ಮೀರಿದರೆ ಹಸಿರು ಇಳಿಯತೊಡಗುತ್ತದೆ. ಮೆಕ್ಸಿಕನ್ ಜೀರುಂಡೆ (1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ) ತಿಂದ ಎಲೆ ಬೇಡ. ಹರಿದ ಅಂಚಿನಿಂದ ಬಣ್ಣ ಸೋರುತ್ತದೆ. ನೈಟ್ರೈಲ್ ಕೈಗವಸನ್ನು ಡೈಕ್ಲೋರೋಮೀಥೇನ್ ಕೆಲವೇ ನಿಮಿಷದಲ್ಲಿ ದಾಟುತ್ತದೆ, ಚರ್ಮಕ್ಕೆ ಅಲರ್ಜಿ ತರುವ ಪಾರ್ಥೆನಿನ್ನನ್ನೂ ಜೊತೆಗೆ ಒಯ್ಯುತ್ತದೆ. ಇಕ್ಕಳ ಬಳಸಿ, ಸಿಡಿದ ಕೂಡಲೇ ಕೈಗವಸು ಬದಲಿಸಿ, ಫ್ಯೂಮ್ ಹುಡ್ (ಆವಿ ಹೀರಿ ಹೊರಹಾಕುವ ಗೂಡು) ಬಿಟ್ಟು ಹೊರಗೆ ಮಾಡಲೇಬೇಡಿ.

ದ್ರಾವಕವನ್ನು 40 ಡಿಗ್ರಿಯೊಳಗೆ ಆವಿ ಮಾಡಿ. ಉಳಿದದ್ದನ್ನು ಮೆಥನಾಲಿನಲ್ಲಿ ಕರಗಿಸಿ, ಮೆಥನಾಲ್, ನೀರು 7:3 ಆಗುವಷ್ಟು ನೀರು ಸೇರಿಸಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೇಣ ಕೂರುತ್ತದೆ. ಸೀಲೈಟ್ (ಸೋಸಲು ಬಳಸುವ ಪುಡಿ) ಮೇಲೆ ಸೋಸಿ. ಕ್ಷಾರ ತಾಗಿಸಬೇಡಿ: ಪಾರ್ಥೆನಿನ್ ಅಣುವಿನ ಲ್ಯಾಕ್ಟೋನ್ ಉಂಗುರದಲ್ಲಿರುವ ಮೆಥಿಲೀನ್ ತುದಿಗೆ ಮೆಥನಾಲೇ ಹೋಗಿ ಕೂರುತ್ತದೆ. ಕ್ಷಾರಗುಣದ ಅಲ್ಯುಮಿನಾ ಕಾಲಂ ಬೇಡವೆನ್ನುವುದೂ ಇದಕ್ಕೇ.

ಇನ್ನು ಅದೇ ಎಲೆಯಿಂದ ಜೊತೆಗೇ ಬರುವ ಕೊರೊನೊಪಿಲಿನ್. ಪಾರ್ಥೆನಿನ್‌ಗಿಂತ ಎರಡೇ ಹೈಡ್ರೋಜನ್ ಹೆಚ್ಚಿರುವ ಇದನ್ನು 60–120 ಮೆಶ್ (ಕಣದ ಅಳತೆ; ಅಂಕೆ ಹೆಚ್ಚಿದಷ್ಟೂ ಕಣ ಸಣ್ಣ) ಸಿಲಿಕಾ ಬೇರ್ಪಡಿಸುವುದಿಲ್ಲ. 230–400 ಮೆಶ್ ಸಿಲಿಕಾ, ಸರಕಿನ 50 ಪಟ್ಟು ತೂಕ, ಒಣ ಲೋಡಿಂಗ್ (ಸರಕನ್ನು ಸ್ವಲ್ಪ ಸಿಲಿಕಾಕ್ಕೆ ಹೀರಿಸಿ, ಒಣಗಿಸಿ ಹಾಕುವುದು). ಸಿಲಿಕಾ ಲೇಪಿಸಿದ ಪರೀಕ್ಷೆಯ ಪ್ಲೇಟಿನಲ್ಲಿ ಪಾರ್ಥೆನಿನ್‌ನ ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಕಲೆ ಏರಿದ ಪಾಲು) 0.25ರ ಸುತ್ತ ನಿಲ್ಲುವಂತೆ ಹೆಕ್ಸೇನ್, ಈಥೈಲ್ ಅಸಿಟೇಟ್ ಹೊಂದಿಸಿ. 254 ನ್ಯಾನೋಮೀಟರಿನ ಯುವಿ ದೀಪದಲ್ಲಿ ಕಲೆ ಮಂಕು. ಪರ್ಮಾಂಗನೇಟ್ ಅದ್ದಿದರೆ ನೇರಳೆಯ ಮೇಲೆ ಹಳದಿ ಎದ್ದು ಕಾಣುತ್ತದೆ.

ಈ ಸಲ ಬಂದ ಸಿಲಿಕಾ ಚೀಲದಲ್ಲಿ ಅರ್ಧ ಹಿಟ್ಟಿನಂಥ ನುಣುಪು ಪುಡಿ. ಕಾಲಂ ಬುಡದ ಹತ್ತಿಯನ್ನೇ ದಾಟಿ ಫ್ರ್ಯಾಕ್ಷನ್‌ಗಳೆಲ್ಲ ಮಬ್ಬು. ಲೇಬಲ್ ನೋಡಿ ನಂಬುವ ಕಾಲ ಹೋಯಿತು! ದ್ರಾವಕದಲ್ಲಿ ಕಲಕಿ, ಐದು ನಿಮಿಷ ಬಿಟ್ಟು, ಮೇಲಿನ ಮಬ್ಬನ್ನು ಚೆಲ್ಲಿ, ಮತ್ತೆ ಹಾಗೇ ಮಾಡಿ, 110 ಡಿಗ್ರಿಯಲ್ಲಿ ಒಣಗಿಸಿದ ಮೇಲೆಯೇ ತುಂಬಿಸಿ.

ಮುಂದಿನದು ಲಂಟಾನ ಬೇರಿನ ಓಲಿಯನೋಲಿಕ್ ಆಮ್ಲ. ಬೇರಿನಲ್ಲಿ ಕ್ಲೋರೋಫಿಲ್ ಕಾಟವಿಲ್ಲ. ಆದರೆ ಅದೇ ಅಣುಸೂತ್ರದ ಅರ್ಸೋಲಿಕ್ ಆಮ್ಲ ಬೆರೆತಿದ್ದರೆ ಸಾದಾ ಪ್ಲೇಟಿನಲ್ಲಿ ಎರಡೂ ಒಂದೇ ಕಲೆ. ಪ್ಲೇಟಿನ ಆರಂಭದ ಗೆರೆಯಲ್ಲೇ ಅಯೋಡಿನ್ ಹಚ್ಚಿ, ಆಮೇಲೆ ದ್ರಾವಕ ಏರಿಸುವ ಉಪಾಯವನ್ನು ಮೊದಲು ನೋಡಬೇಕು.